ಮೊಬೈಲಿನ ಆರೋಗ್ಯ ಪಾಠ ತಲೆಗೆ ಹತ್ತುವುದು ಹೇಗೆ?

ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ದೊಡ್ಡಮ್ಮನಿಗೆ ಶುಗರ್ ಜಾಸ್ತಿಯಾಗಿ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನಾಲ್ಕು ದಿನ ಇರಬೇಕಾಯಿತು. ಡಿಸ್ಚಾರ್ಜ್ ದಿನ ಇನ್ಸುಲಿನ್ ಬರೆದುಕೊಟ್ಟರು. ಚೀಟಿಯ ಮೂಲೆಯಲ್ಲಿ ಒಂದು ಕ್ಯೂಆರ್ ಕೋಡ್ ಇತ್ತು. "ಸ್ಕ್ಯಾನ್ ಮಾಡಿ, ಎಲ್ಲಾ ಅದರಲ್ಲೇ ಇದೆ" ಅಂದರು. ಅವರು ಹೇಳಿದ್ದು ನಿಜ, ಎಲ್ಲಾ ಇತ್ತು. ಹನ್ನೊಂದು ನಿಮಿಷದ ವಿಡಿಯೋ, ಹದಿನಾಲ್ಕು ಪುಟದ ಪಿಡಿಎಫ್. ದೊಡ್ಡಮ್ಮ ಕನ್ನಡಕ ಹಾಕಿಕೊಂಡು, ಜಗಲಿ ಮೇಲೆ ಕೂತು ವಿಡಿಯೋ ಪೂರ್ತಿ ನೋಡಿದರು.

"ಹೆಂಗಿತ್ತು ದೊಡ್ಡಮ್ಮ?"

"ಚೆಂದಾಗಿತ್ತು ಕಣ್ ಮಗ. ಆಯಮ್ಮ ಸೀರೆ ಚೆಂದಾಗಿ ಉಟ್ಟಿದ್ಲು."

"ಏನ್ ಹೇಳಿದ್ರು?"

"ಅದೇಯ... ಶುಗರ್ ಇಸ್ಯ."

ದೊಡ್ಡಮ್ಮನ ನೆನಪಿನ ಶಕ್ತಿ ಕಮ್ಮಿ ಅಂತ ಯಾರೂ ಹೇಳುವ ಹಾಗಿಲ್ಲ. ಗದ್ದೆ ಆಳಿನ ಲೆಕ್ಕ, ಸಂಘದ ಸಾಲದ ಕಂತು, ಯಾರ ಮನೆ ಮದುವೆಗೆ ಎಷ್ಟು ಮುಯ್ಯಿ ಹಾಕಿದ್ದೆವು ಅನ್ನುವುದೆಲ್ಲ ಬಾಯಲ್ಲೇ ಇದೆ. ಅಂಥವರಿಗೆ ಹನ್ನೊಂದು ನಿಮಿಷದಲ್ಲಿ ಉಳಿದದ್ದು ಸೀರೆ. ಯಾಕೆ ಹೀಗಾಯಿತು ಅಂತ ಹುಡುಕಿಕೊಂಡು ಹೋದರೆ ಸಿಗುವ ಮಾತು 'ಕಾಗ್ನಿಟಿವ್ ಲೋಡ್'. ಕನ್ನಡದಲ್ಲಿ 'ಅರಿವಿನ ಹೊರೆ' ಅನ್ನುತ್ತಾರೆ. ನಾವು ಸದ್ಯಕ್ಕೆ ತಲೆಯ ಲೋಡು ಅನ್ನೋಣ. ಮಂಡ್ಯದವರಿಗೆ ಲೋಡು ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಈಗ ಯಾಕೆ ಈ ಮಾತು

ಮೊದಲು ಆರೋಗ್ಯದ ವಿಷಯವನ್ನು ನರ್ಸಮ್ಮ ಬಂದು ಎದುರಿಗೆ ಕೂತು ಹೇಳುತ್ತಿದ್ದರು. ಮುಖ ನೋಡಿದರೆ ಅರ್ಥವಾಗಿಲ್ಲ ಅಂತ ಗೊತ್ತಾಗುತ್ತಿತ್ತು, ಇನ್ನೊಂದು ಸಲ ಹೇಳುತ್ತಿದ್ದರು. ಈಗ ಆ ಕೆಲಸದ ಒಂದು ದೊಡ್ಡ ಪಾಲು ಮೊಬೈಲಿಗೆ ಹೋಗಿದೆ. 2021ರ ಸೆಪ್ಟೆಂಬರ್‌ನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಶುರುವಾಯಿತು, ಬೇಕಾದವರು ಮಾಡಿಸಿಕೊಳ್ಳುವ 14 ಅಂಕಿಯ ಆರೋಗ್ಯ ಖಾತೆ ನಂಬರ್ 'ಆಭಾ' ಬಂತು. 2024ರಲ್ಲಿ ಡೆಂಗಿ ಜೋರಾಗಿ, ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದಾಗ ಮನೆ ಮನೆಯ ವಾಟ್ಸಾಪ್ ಗುಂಪಿನಲ್ಲಿ ಪೋಸ್ಟರ್‌ಗಳೇ ಪೋಸ್ಟರ್‌ಗಳು. ಮೊಬೈಲಿಗೆ ಎದುರಿಗಿರುವವರ ಮುಖ ಕಾಣುವುದಿಲ್ಲ. ಹಾಗಾಗಿ ತಿಳಿಯಿತೋ ಇಲ್ಲವೋ ಅನ್ನುವುದನ್ನು ಆ ವಿಡಿಯೋ, ಪೋಸ್ಟರ್ ಮಾಡುವವರೇ ಮೊದಲೇ ಯೋಚಿಸಿರಬೇಕು.

ಯೋಚಿಸಲು ಕಾರಣವೂ ಇದೆ. ನೆದರ್ಲೆಂಡ್ಸ್‌ನ ಮನೋವಿಜ್ಞಾನಿ ರಾಯ್ ಕೆಸೆಲ್ಸ್ 2003ರಲ್ಲಿ ಬರೆದ ಒಂದು ವಿಮರ್ಶಾ ಲೇಖನದ ಪ್ರಕಾರ, ವೈದ್ಯರು ಹೇಳಿದ್ದರಲ್ಲಿ ಶೇ 40ರಿಂದ 80ರಷ್ಟನ್ನು ರೋಗಿಗಳು ಕೂಡಲೇ ಮರೆತುಬಿಡುತ್ತಾರೆ. ನೆನಪಿಟ್ಟುಕೊಂಡದ್ದರಲ್ಲೂ ಸುಮಾರು ಅರ್ಧ ತಪ್ಪಾಗಿರುತ್ತದೆ. ಎದುರಿಗೆ ಕೂತು ಹೇಳಿದ್ದರ ಗತಿಯೇ ಇದು.

ತಲೆಯಲ್ಲಿ ಜಾಗ ಎಷ್ಟಿದೆ

ಚಿಕ್ಕವರಿದ್ದಾಗ ಅಮ್ಮ ಅಡುಗೆಮನೆಯಿಂದಲೇ ಕೂಗಿ ಹೇಳುತ್ತಿದ್ದರು: ಬೇಳೆ, ಬೆಲ್ಲ, ಹುಣಸೆಹಣ್ಣು, ಸಾಸಿವೆ, ಕಡ್ಲೆಕಾಯಿ ಎಣ್ಣೆ, ಬೆಂಕಿಪೊಟ್ಟಣ, ಎರಡು ಕೊಬ್ಬರಿ. ಅಂಗಡಿವರೆಗೂ ಬಾಯಲ್ಲಿ ಮಣಮಣ ಅಂದುಕೊಂಡು ಹೋಗುತ್ತಿದ್ದೆವು. ದಾರಿಯಲ್ಲಿ ಯಾರಾದರೂ "ಎಲ್ಲೋ ಹೊರಟೆ?" ಅಂದರೆ ಮುಗೀತು. ಬೇಳೆ ಬೆಲ್ಲ ಉಳಿಯುತ್ತಿತ್ತು, ಮಿಕ್ಕಿದ್ದು ಹೋಗುತ್ತಿತ್ತು.

ಹಾಗೆ ಬಾಯಲ್ಲಿ ಅಂದುಕೊಂಡು ಹಿಡಿದಿಟ್ಟ ನೆನಪಿಗೆ 'ವರ್ಕಿಂಗ್ ಮೆಮೊರಿ' ಅಂತ ಹೆಸರು. ಈ ಕ್ಷಣದಲ್ಲಿ ಕೆಲಸ ಮಾಡುತ್ತಿರುವ ನೆನಪು. ಇದರಲ್ಲಿ ಎಷ್ಟು ಹಿಡಿಸುತ್ತದೆ ಅಂತ ಅಮೆರಿಕದ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು: ಏಳು, ಒಂದೆರಡು ಹೆಚ್ಚು ಕಡಿಮೆ. 2001ರಲ್ಲಿ ನೆಲ್ಸನ್ ಕೊವಾನ್ ಇನ್ನೂ ಇಳಿಸಿದರು. ಗಟ್ಟು ಹಾಕದೆ ಹಿಡಿದಿಡಬಹುದಾದ್ದು ಸುಮಾರು ನಾಲ್ಕೇ ಅಂದರು. ಅದೂ ಕೆಲವೇ ಸೆಕೆಂಡುಗಳ ಕಾಲ. ಇನ್ನೊಂದು ಕಡೆ ದೀರ್ಘಕಾಲದ ನೆನಪು ಇದೆ. ಅದು ದೊಡ್ಡಮ್ಮನ ಮುಯ್ಯಿ ಲೆಕ್ಕ ಇರುವ ಜಾಗ, ಅದಕ್ಕೆ ಮಿತಿ ಅಂತ ಕಾಣುವುದಿಲ್ಲ. ಆದರೆ ಹೊಸ ವಿಷಯ ಅಲ್ಲಿಗೆ ಹೋಗಬೇಕಾದರೆ ಆ ಸಣ್ಣ ಬಾಗಿಲನ್ನು ದಾಟಿಯೇ ಹೋಗಬೇಕು.

ಬಾಗಿಲು ಸಣ್ಣದಾದರೂ ಒಂದು ಉಪಾಯ ಇದೆ. ಕಂತೆ ಕಟ್ಟುವುದು. ಆಧಾರ್ ಕಾರ್ಡ್ ನೋಡಿ. 12 ಅಂಕಿಯನ್ನು ಒಟ್ಟಿಗೆ ಅಚ್ಚು ಹಾಕಿಲ್ಲ, ನಾಲ್ಕು ನಾಲ್ಕಾಗಿ ಬಿಡಿಸಿ ಹಾಕಿದ್ದಾರೆ. ಹನ್ನೆರಡು ಬಿಡಿ ಅಂಕಿ ಮೂರು ಕಂತೆಯಾಗುತ್ತದೆ.

ಕಂತೆಯ ಗಾತ್ರ ಆಳಿಂದ ಆಳಿಗೆ ಬೇರೆ. ದೊಡ್ಡಮ್ಮನಿಗೆ 'ಬಸ್ಸಾರು' ಅಂದರೆ ಒಂದೇ ಮಾತು. ಕಾಳು ಸೊಪ್ಪು ಬೇಯಿಸೋದು, ನೀರು ಬಸಿಯೋದು, ಖಾರ ರುಬ್ಬೋದು, ಬಸಿದ ನೀರಿಗೆ ಅದನ್ನು ಹಾಕಿ ಕುದಿಸೋದು, ಉಳಿದದ್ದಕ್ಕೆ ಒಗ್ಗರಣೆ ಹಾಕಿ ಪಲ್ಯ ಮಾಡೋದು, ಎಲ್ಲಾ ಆ ಒಂದು ಮಾತಿನೊಳಗೇ ಇದೆ. ಹಾಸ್ಟೆಲ್ ಬಿಟ್ಟು ಹೊಸದಾಗಿ ರೂಮ್ ಮಾಡಿದ ಹುಡುಗನಿಗೆ ಅದೇ ಹತ್ತು ಹನ್ನೆರಡು ಬಿಡಿ ಕೆಲಸ. ಡಾಕ್ಟರಿಗೂ ದೊಡ್ಡಮ್ಮನಿಗೂ ನಡುವೆ ಇದೇ ಆಗುವುದು, ಸ್ಥಾನ ಅದಲುಬದಲು ಅಷ್ಟೆ. ಡಾಕ್ಟರಿಗೆ 'ಹೈಪೋ' (ಶುಗರ್ ತೀರಾ ಇಳಿಯುವುದು) ಅಂದರೆ ಒಂದು ಕಂತೆ. ದೊಡ್ಡಮ್ಮನಿಗೆ ಅದು ಬೆವರು, ನಡುಕ, ಎದೆ ಡವಡವ, 70ಕ್ಕಿಂತ ಕಮ್ಮಿ ಅನ್ನೋ ಲೆಕ್ಕ, ಸಕ್ಕರೆ, ಕಾಯುವ ಹೊತ್ತು, ಹೀಗೆ ಬಿಡಿಬಿಡಿ. ಇದರ ಮೇಲೆ ಕಾಯಿಲೆಯ ಭಯ ಬೇರೆ. ಭಯವೂ ಅದೇ ಸಣ್ಣ ಜಾಗದಲ್ಲೇ ಕೂರುವುದು. ಆಸ್ಪತ್ರೆಯಲ್ಲಿ ಹೇಳಿದ್ದು ಮನೆಗೆ ಬರುವಷ್ಟರಲ್ಲಿ ಮರೆತುಹೋಗುವುದಕ್ಕೆ ಇದೂ ಒಂದು ಕಾರಣ.

ಕಬ್ಬು ಯಾವುದು, ಸೋಗೆ ಯಾವುದು

ಆಸ್ಟ್ರೇಲಿಯಾದ ಮನೋವಿಜ್ಞಾನಿ ಜಾನ್ ಸ್ವೆಲ್ಲರ್ ಶಾಲೆಯ ಲೆಕ್ಕಗಳ ಮೇಲೆ ಕೆಲಸ ಮಾಡುತ್ತಾ 1988ರಲ್ಲಿ ಈ ತಲೆಯ ಲೋಡಿನ ಸಿದ್ಧಾಂತ ಮಂಡಿಸಿದರು. ಕಲಿಯುವವರ ತಲೆಯ ಮೇಲೆ ಬೀಳುವ ಲೋಡನ್ನು ಮುಂದೆ ಮೂರು ಬಗೆ ಅಂತ ವಿಂಗಡಿಸಿದರು. ಅದನ್ನು ನಮ್ಮ ಕಡೆಯ ಕಬ್ಬಿನ ಟ್ರ್ಯಾಕ್ಟರ್ ಇಟ್ಟುಕೊಂಡು ನೋಡೋಣ.

ಕಬ್ಬು ಕಡಿದವರು ಅದನ್ನು ಹಾಗೇ ಹೇರುವುದಿಲ್ಲ. ಸೋಗೆ ಸವರುತ್ತಾರೆ, ಒಣ ತರಗು ತೆಗೆಯುತ್ತಾರೆ, ಬುಡದ ಮಣ್ಣು ಕೊಡವುತ್ತಾರೆ, ಆಮೇಲೆ ಕಂತೆ ಕಟ್ಟಿ ಹೇರುತ್ತಾರೆ. ಕಬ್ಬಿನ ತೂಕ ಅಂತೂ ಇದ್ದೇ ಇದೆ, ಅದನ್ನು ಬಿಟ್ಟು ಗಾಡಿ ಓಡಿಸಿದರೆ ಪ್ರಯೋಜನ ಇಲ್ಲ. ಇದು ಮೊದಲನೆ ಬಗೆ: ವಿಷಯದ್ದೇ ಸ್ವಂತ ಭಾರ. ಇನ್ಸುಲಿನ್ ಚುಚ್ಚಿಕೊಳ್ಳುವುದು ಮಾತ್ರೆ ನುಂಗುವುದಕ್ಕಿಂತ ಕಷ್ಟ, ಎಷ್ಟೇ ಸಲೀಸಾಗಿ ಹೇಳಿದರೂ ಅಷ್ಟು ಕಷ್ಟ ಇರುತ್ತದೆ. ಎರಡನೆಯದು ಸೋಗೆ, ತರಗು, ಮಣ್ಣಿನ ಭಾರ. ಹೇಳುವ ರೀತಿಯಿಂದ ಸೇರಿಕೊಂಡ ಅನಗತ್ಯ ತೂಕ. ಮೂರನೆಯದು ಗಾಣದ ಕೆಲಸ. ಹೊಸದನ್ನು ಹಳೆಯದರ ಜೊತೆ ಸೇರಿಸಿ ಅರ್ಥ ಮಾಡಿಕೊಳ್ಳುವ ಶ್ರಮ. ಇದನ್ನು ಬೇರೆಯೇ ಒಂದು ಹೊರೆ ಅಂತ ಎಣಿಸಬೇಕಾ ಅನ್ನುವುದರ ಬಗ್ಗೆ ಆ ವಿದ್ವಾಂಸರಲ್ಲೇ ಚರ್ಚೆ ಇದೆ. ನಮಗೆ ಅದು ಬೇಡ. ಮೂರೂ ಒಂದೇ ಗಾಡಿಯಲ್ಲಿ ಹೋಗಬೇಕು ಅನ್ನುವುದನ್ನು ಗಮನಿಸಿದರೆ ಸಾಕು. ಸೋಗೆ ಜಾಸ್ತಿಯಾದಷ್ಟೂ ಕಬ್ಬಿಗೆ ಜಾಗ ಕಮ್ಮಿ.

ವಿಡಿಯೋದಲ್ಲಿ ಸೋಗೆ ಎಲ್ಲೆಲ್ಲಿತ್ತು

ದೊಡ್ಡಮ್ಮನ ಆ ವಿಡಿಯೋವನ್ನು ನಾನು ಪೆನ್ನು ಹಿಡಿದು ಮತ್ತೆ ನೋಡಿದೆ. ಶುರುವಿನಲ್ಲಿ ಅರ್ಧ ನಿಮಿಷ ಲೋಗೋ ಸುತ್ತುತ್ತದೆ. ಆಮೇಲೆ ಕೊನೆತನಕ ಕೊಳಲಿನ ಸಂಗೀತ. ಕೊಳಲು ಚೆನ್ನಾಗಿಯೇ ಇತ್ತು. ಆದರೆ ಕಿವಿ ಅದನ್ನೂ ಕೇಳಬೇಕಲ್ಲ? ಅಮೆರಿಕದ ರಿಚರ್ಡ್ ಮೇಯರ್ ವರ್ಷಗಟ್ಟಲೆ ಇಂಥ ಪಾಠದ ವಿಡಿಯೋಗಳ ಮೇಲೆ ಪ್ರಯೋಗ ಮಾಡಿದವರು. ವಿಷಯಕ್ಕೆ ಬೇಡದ ಸಂಗೀತ, ಅಲಂಕಾರದ ಚಿತ್ರ, ಸ್ವಾರಸ್ಯದ ಉಪಕಥೆ ತೆಗೆದುಹಾಕಿದರೆ ಜನ ಹೆಚ್ಚು ಕಲಿಯುತ್ತಾರೆ ಅನ್ನುವುದು ಅವರಿಗೆ ಮತ್ತೆ ಮತ್ತೆ ಸಿಕ್ಕ ಫಲಿತಾಂಶ. ಸೀರೆ ಯಾಕೆ ನೆನಪಿನಲ್ಲಿ ಉಳಿಯಿತು ಅಂತ ಈಗ ಗೊತ್ತಾಯಿತು.

ಮುಂದೆ ಇನ್ಸುಲಿನ್ ಎಲ್ಲಿ ಚುಚ್ಚಬೇಕು ಅನ್ನುವ ಚಿತ್ರ ಬರುತ್ತದೆ. ಮೈಯ ಮೇಲೆ 1, 2, 3, 4 ಅಂತ ನಂಬರ್. ಕೆಳಗೆ ಸಣ್ಣ ಅಕ್ಷರದಲ್ಲಿ 1 ಅಂದರೆ ಹೊಟ್ಟೆ, 2 ಅಂದರೆ ತೊಡೆ ಅಂತ ಪಟ್ಟಿ. ಕಣ್ಣು ಮೇಲೆ ಹೋಗಬೇಕು, ಕೆಳಗೆ ಬರಬೇಕು, ಮತ್ತೆ ಮೇಲೆ ಹೋಗಬೇಕು. ನಂಬರನ್ನು ತಲೆಯಲ್ಲಿ ಹಿಡಿದುಕೊಂಡು ಈ ಓಡಾಟ. ಬಸ್ ಸ್ಟ್ಯಾಂಡಿನಲ್ಲಿ ಒಂದು ಬೋರ್ಡಿನಲ್ಲಿ ಟೈಮು, ಆಚೆ ತುದಿಯ ಬೋರ್ಡಿನಲ್ಲಿ ಪ್ಲಾಟ್‌ಫಾರಂ ನಂಬರ್ ಹಾಕಿದರೆ ಹೇಗಿರುತ್ತೆ, ಹಾಗೆ. ಹೊಟ್ಟೆಯ ಚಿತ್ರದ ಮೇಲೇ 'ಹೊಟ್ಟೆ' ಅಂತ ಬರೆದರೆ ಆ ಓಡಾಟ ಪೂರ್ತಿ ತಪ್ಪುತ್ತದೆ.

ಇದಕ್ಕಿಂತ ದೊಡ್ಡ ಸೋಗೆ ಪರದೆ ತುಂಬಾ ಬರೆದಿದ್ದನ್ನೇ ಆ ಅಮ್ಮ ಓದುತ್ತಿದ್ದದ್ದು. ಒಳ್ಳೇದಲ್ವಾ, ಎರಡೆರಡು ಸಲ ಹೋಗುತ್ತಲ್ಲ ಅಂತ ಅನ್ನಿಸುತ್ತದೆ. ಆಗುವುದು ಬೇರೆ. ಕಣ್ಣು ಅಕ್ಷರದ ಹಿಂದೆ ಒಂದು ವೇಗದಲ್ಲಿ ಹೋಗುತ್ತದೆ, ಕಿವಿ ದನಿಯ ಹಿಂದೆ ಇನ್ನೊಂದು ವೇಗದಲ್ಲಿ. ಎರಡೂ ಒಂದೇನಾ ಅಂತ ತಾಳೆ ನೋಡುವುದರಲ್ಲೇ ತಲೆ ದಣಿಯುತ್ತದೆ, ಪಕ್ಕದ ಚಿತ್ರವನ್ನು ನೋಡುವವರೇ ಇಲ್ಲ. ಕಣ್ಣಿಗೆ ಒಂದು ದಾರಿ, ಕಿವಿಗೆ ಒಂದು ದಾರಿ ಇದೆ. ಕಣ್ಣಿಗೆ ಚಿತ್ರ ಕೊಟ್ಟು ಕಿವಿಗೆ ಮಾತು ಕೊಟ್ಟರೆ ಎರಡೂ ದಾರಿಯಲ್ಲಿ ಗಾಡಿ ಸರಾಗವಾಗಿ ಹೋಗುತ್ತದೆ. ಪರದೆ ಮೇಲೆ ಎರಡು ಮೂರು ಮುಖ್ಯ ಪದ ಇದ್ದರೆ ಸಾಕು.

ಹಾಗಂತ ಅಕ್ಷರವೇ ಬೇಡ ಅಂತ ಎಲ್ಲರಿಗೂ ಒಂದೇ ನಿಯಮ ಮಾಡುವಂತಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿಗೆ ಬರುವ ಕಿವಿ ಕೇಳದವರನ್ನು ನೆನೆಸಿಕೊಳ್ಳಿ. ಅವರಿಗೆ ವಿಡಿಯೋದ ಕೆಳಗಿನ ಸಾಲೇ ಪಾಠ. ಗದ್ದಲದ ಬಸ್ಸಿನಲ್ಲಿ ದನಿ ಮುಚ್ಚಿ ನೋಡುವವರಿಗೂ ಅದು ಬೇಕು. ಬೇಕಾದವರು ಹಾಕಿಕೊಳ್ಳುವ, ಬೇಡವಾದವರು ತೆಗೆಯುವ ಹಾಗೆ ಇಟ್ಟರೆ ಜಗಳವೇ ಇಲ್ಲ.

ಇನ್ನು ವಿಡಿಯೋಗೇ ಹುಟ್ಟಿನಿಂದ ಬಂದ ತೊಂದರೆ ಒಂದಿದೆ. ಅದು ನಿಲ್ಲುವುದಿಲ್ಲ. ಕಾಗದದ ಮೇಲಿನ ಸಾಲಿಗೆ ವಾಪಸ್ ಬರಬಹುದು. ವಿಡಿಯೋದಲ್ಲಿ ಎರಡನೇ ಹೆಜ್ಜೆ ಅರ್ಥವಾಗುವಷ್ಟರಲ್ಲಿ ನಾಲ್ಕನೇದು ನಡೆಯುತ್ತಿರುತ್ತದೆ. ಹಿಂದೆ ಎಳೆದು ನೋಡಬಹುದಲ್ಲ ಅಂತೀರಾ? ದೊಡ್ಡಮ್ಮನ ಬೆರಳು ಆ ಸಣ್ಣ ಗೆರೆ ಮೇಲೆ ಇಟ್ಟರೆ ವಿಡಿಯೋ ಸೀದಾ ಕೊನೆಗೆ ಹೋಗುತ್ತದೆ. ಹನ್ನೊಂದು ನಿಮಿಷದ್ದನ್ನು ಒಂದೊಂದು ನಿಮಿಷದ ತುಂಡು ಮಾಡಿ, ಒಂದೊಂದಕ್ಕೂ ಒಂದೇ ಕೆಲಸ ಕೊಟ್ಟು, ಹೆಸರಿಟ್ಟು ಕಳಿಸಿದರೆ ಬೇಕಾದ್ದನ್ನಷ್ಟೇ ಎರಡು ಸಲ ನೋಡಬಹುದು.

ಪಿಡಿಎಫ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎ4 ಹಾಳೆಗೆ ಅಂತ ಮಾಡಿದ್ದನ್ನು ಅಂಗೈಯಗಲದ ಪರದೆಯಲ್ಲಿ ಓದಬೇಕಾದರೆ ಎರಡು ಬೆರಳಲ್ಲಿ ಹಿಗ್ಗಿಸಬೇಕು, ಎಡಕ್ಕೆ ಬಲಕ್ಕೆ ಎಳೆಯಬೇಕು. ಕನ್ನಡಕ್ಕೆ ಇನ್ನೊಂದು ಕಷ್ಟ. ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಸಾಲುಗಳ ನಡುವೆ ಇಂಗ್ಲಿಷಿಗೆ ಬಿಟ್ಟಷ್ಟೇ ಜಾಗ ಬಿಟ್ಟರೆ ಒಂದರ ಕಾಲು ಇನ್ನೊಂದರ ತಲೆಗೆ ತಾಗುತ್ತದೆ.

ಮಾತೇ ಭಾರವಾದಾಗ

ಆ ಪಿಡಿಎಫ್‌ನ ಒಂಬತ್ತನೇ ಪುಟದಲ್ಲಿ ಬಹಳ ಮುಖ್ಯವಾದ ಒಂದು ವಾಕ್ಯ ಇತ್ತು. ಹೆಚ್ಚುಕಮ್ಮಿ ಹೀಗೆ: "ಹೈಪೋಗ್ಲೈಸೀಮಿಯಾದ ಲಕ್ಷಣಗಳಾದ ಅತಿಯಾದ ಬೆವರುವಿಕೆ, ಕಂಪನ ಹಾಗೂ ಹೃದಯ ಬಡಿತದ ಏರಿಕೆ ಕಂಡುಬಂದಲ್ಲಿ 15 ಗ್ರಾಂನಷ್ಟು ಶೀಘ್ರವಾಗಿ ಹೀರಲ್ಪಡುವ ಕಾರ್ಬೋಹೈಡ್ರೇಟನ್ನು ಸೇವಿಸತಕ್ಕದ್ದು ಮತ್ತು 15 ನಿಮಿಷಗಳ ತರುವಾಯ ಮರುಪರೀಕ್ಷಿಸತಕ್ಕದ್ದು."

ಹೇಳಿದ್ದರಲ್ಲಿ ಒಂದು ತಪ್ಪೂ ಇಲ್ಲ. ಆದರೆ ಶುಗರ್ ಇಳಿದು ಕೈ ನಡುಗುತ್ತಿರುವಾಗ ಇದನ್ನು ಬಿಡಿಸಿಕೊಂಡು ಓದುವವರು ಯಾರು? ನಮ್ಮ ಕಡೆ ಇದಕ್ಕೆ 'ಶುಗರ್ ಡೌನ್ ಆಯ್ತು' ಅಂತಾರೆ. ಜನ ಆಡುವ ಮಾತಿನಿಂದ ಶುರು ಮಾಡಿದರೆ, ತಲೆಯಲ್ಲಿ ಆಗಲೇ ಇರುವ ಕಂತೆಗೆ ಹೊಸದನ್ನು ಸೇರಿಸಿದಂತೆ. ನಾನು ಅದನ್ನು ಹೀಗೆ ಬರೆದೆ:

ಕೈ ನಡುಗುತ್ತಿದೆಯಾ? ಬೆವರು ಬರುತ್ತಿದೆಯಾ? ಶುಗರ್ ಡೌನ್ ಆಗಿರಬಹುದು.
ಅರ್ಧ ಲೋಟ ನೀರಿಗೆ ಮೂರು ಚಮಚ ಸಕ್ಕರೆ ಹಾಕಿ ಕುಡಿಯಿರಿ.
15 ನಿಮಿಷ ಕೂತಿರಿ. ಶುಗರ್ ನೋಡಿಕೊಳ್ಳಿ. 70ಕ್ಕಿಂತ ಕಮ್ಮಿ ಇದ್ದರೆ ಇನ್ನೊಂದು ಸಲ ಕುಡಿಯಿರಿ.
ಸರಿಹೋದ ಮೇಲೆ ಊಟವನ್ನೋ ತಿಂಡಿಯನ್ನೋ ತಿನ್ನಿ.
ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ. 108ಕ್ಕೆ ಫೋನ್ ಮಾಡಿ.

ಇಷ್ಟು ಬರೆದು ಬೀಗುತ್ತಿದ್ದೆ. ದೊಡ್ಡಮ್ಮ ಓದಿದರು, ಹುಬ್ಬು ಗಂಟಿಕ್ಕಿದರು. "ಸಕ್ಕರೆ ಮುಟ್ಬ್ಯಾಡಿ ಅಂದೋರೇ ಸಕ್ಕರೆ ಕುಡೀರಿ ಅಂತಾರಲ್ಲ, ಇದ್ಯಾವ ನ್ಯಾಯ ಮಗ?"

ಇದು ಗಾಣದ ಕೆಲಸ ಸಿಕ್ಕಿಹಾಕಿಕೊಳ್ಳುವ ಜಾಗ. ಹೊಸ ಮಾತು ಹಳೇ ಮಾತಿಗೆ ಅಡ್ಡ ಬಂದರೆ ತಲೆ ಮುಂದಕ್ಕೆ ಹೋಗುವುದಿಲ್ಲ, ಅಲ್ಲೇ ನಿಲ್ಲುತ್ತದೆ. ಸಕ್ಕರೆ ನಾಡಿನಲ್ಲಿ ಹುಟ್ಟಿ, ಸಕ್ಕರೆ ಬಿಟ್ಟು ಕಾಫಿ ಕುಡಿಯಲು ಕಲಿತವರಿಗೆ ಈ ಗಂಟನ್ನು ಮೊದಲು ಬಿಚ್ಚಬೇಕು. ಹಾಗಾಗಿ ಮೇಲೆ ಒಂದು ಸಾಲು ಸೇರಿತು: "ಇನ್ಸುಲಿನ್ ಕೆಲವು ಸಲ ಶುಗರ್ ಅನ್ನು ತೀರಾ ಇಳಿಸಿಬಿಡುತ್ತೆ. ಆಗ ಮಾತ್ರ ಸಕ್ಕರೆಯೇ ಔಷಧಿ." ಸೋಗೆ ಸವರುವುದು ಅಂದರೆ ಯಾವಾಗಲೂ ಪದ ಕಮ್ಮಿ ಮಾಡುವುದು ಅಂತ ತಿಳಿಯಬೇಡಿ. ಇಲ್ಲಿ ಎರಡು ವಾಕ್ಯ ಹೆಚ್ಚಾಯಿತು, ಭಾರ ಇಳಿಯಿತು.

ಇನ್ನೊಂದು ಪದ ನೋಡಿ: 'ಉಪವಾಸದಲ್ಲಿ ರಕ್ತ ಪರೀಕ್ಷೆ'. ಸುಲಭದ ಪದವೇ. ಆದರೆ ನಮ್ಮ ಮನೆಗಳಲ್ಲಿ ಶನಿವಾರ ಉಪವಾಸ ಅಂದರೆ ಅನ್ನ ಮುದ್ದೆ ಬಿಟ್ಟು ಉಪ್ಪಿಟ್ಟು, ಬಾಳೆಹಣ್ಣು, ಹಾಲು! ದೇವರಿಗೆ ನಡೆಯುತ್ತೆ, ಲ್ಯಾಬಿಗೆ ನಡೆಯಲ್ಲ. "ರಾತ್ರಿ ಊಟ ಆದಮೇಲೆ ಎಂಟು ಗಂಟೆ ನೀರು ಬಿಟ್ಟು ಏನೂ ಬೇಡ, ಕಾಫಿನೂ ಬೇಡ" ಅಂದರೆ ಗೊಂದಲ ಇಲ್ಲ. ಚೀಟಿಯ 1-0-1 ಕೂಡ ಹೀಗೇ. ಅದು ಬರೆಯುವವರಿಗೆ ಕಂತೆ, ಓದುವವರಿಗೆ ಒಗಟು. ಅದರ ಬದಲು "ಬೆಳಗ್ಗೆ ಒಂದು, ರಾತ್ರಿ ಒಂದು" ಅಂತಲೇ ಬರೆಯಬಹುದು.

ಕಬ್ಬಿನದ್ದೇ ತೂಕ ಇದ್ದರೆ

ಕೆಲವನ್ನು ಹಗುರ ಮಾಡಲು ಆಗುವುದಿಲ್ಲ. ನಮ್ಮಲ್ಲಿ ಇನ್ಸುಲಿನ್ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ, ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. ಸಿರಿಂಜೂ ಬೇರೆ ಬೇರೆ. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಜಾಸ್ತಿ ಹೋಗುತ್ತದೆ. ಇದನ್ನು ಬಿಟ್ಟು ಹೇಳಲು ಬರುವುದಿಲ್ಲ.

ಆಗ ಮಾಡಬಹುದಾದ್ದು ಹಂಚಿ ಹೇರುವುದು. ಎಲ್ಲರಿಗೂ ಎರಡೂ ಬಗೆ ವಿವರಿಸುವ ಬದಲು, ದೊಡ್ಡಮ್ಮನ ಕೈಯಲ್ಲಿರುವ ಸೀಸೆ 40ರದ್ದು ಅಂದಮೇಲೆ ಅದೊಂದನ್ನೇ ತೋರಿಸುವುದು: "ಈ ಸೀಸೆ, ಈ ಕೆಂಪು ಮುಚ್ಚಳ." ಮೊದಲ ದಿನ ಚುಚ್ಚುವುದು ಮತ್ತು ಶುಗರ್ ಡೌನ್ ಆದರೆ ಏನು ಮಾಡಬೇಕು ಅನ್ನುವುದು. ತೆರೆಯದ ಸೀಸೆಯನ್ನು ಫ್ರಿಜ್ಜಿನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ ಅನ್ನುವುದು ನಾಳೆ. ಕಾಲಿನ ಆರೈಕೆ ಮುಂದಿನ ವಾರ. ಇನ್ಸುಲಿನ್ ಅನ್ನು ಕಂಡುಹಿಡಿದ ಕಥೆ ಯಾವತ್ತಾದರೂ ಬಿಡುವಿದ್ದಾಗ. ಮೊಬೈಲಿನ ನಿಜವಾದ ಅನುಕೂಲ ಇದೇ ಅಂತ ನನಗೆ ಅನ್ನಿಸುತ್ತದೆ. ಪುಸ್ತಕದ ಹಾಗೆ ಎಲ್ಲವನ್ನೂ ಒಂದೇ ದಿನ ಕೊಡಬೇಕಿಲ್ಲ, ದಿನಕ್ಕೊಂದು ಕಳಿಸಬಹುದು.

ಹತ್ತು ವರ್ಷದಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರಿಗೆ ಇದೇ ಹೆಜ್ಜೆ ಹೆಜ್ಜೆಯ ಪಾಠ ಕಿರಿಕಿರಿ. ಅವರ ತಲೆಯಲ್ಲಿ ಕಂತೆ ಆಗಲೇ ಕಟ್ಟಿದೆ, ಅದನ್ನು ಮತ್ತೆ ಬಿಚ್ಚಿಸಿದರೆ ಹೊರೆ ಜಾಸ್ತಿಯಾಗುತ್ತದೆ. ಇದನ್ನೂ ಸ್ವೆಲ್ಲರ್ ಮತ್ತು ಜೊತೆಗಾರರು ಪ್ರಯೋಗದಲ್ಲಿ ನೋಡಿದ್ದಾರೆ. ಆಶಾ ಕಾರ್ಯಕರ್ತೆಯರಿಗೆ ಮಾಡಿದ ತರಬೇತಿ ವಿಡಿಯೋವನ್ನೇ ಊರವರ ಗುಂಪಿಗೂ ಹಾಕಿದರೆ ಒಬ್ಬರಿಗೆ ಕಮ್ಮಿ, ಒಬ್ಬರಿಗೆ ಜಾಸ್ತಿ.

"ಅರ್ಥ ಆಯ್ತಾ?" ಅಂದರೆ ಸಿಗುವ ಉತ್ತರ

"ಆಯ್ತು ಸಾರ್." ಇದೊಂದೇ. ಎದುರಿಗೆ ಡಾಕ್ಟರಿರಲಿ, ಬ್ಯಾಂಕ್ ಮ್ಯಾನೇಜರಿರಲಿ, ನಾವು ಹೇಳುವುದು ಇದನ್ನೇ. ಅದಕ್ಕೇ ಆರೋಗ್ಯ ಶಿಕ್ಷಣದವರು ಬೇರೆ ದಾರಿ ಹಿಡಿಯುತ್ತಾರೆ. ಕೇಳಿದವರ ಕೈಲೇ ವಾಪಸ್ ಹೇಳಿಸುತ್ತಾರೆ, ಮಾಡಿ ತೋರಿಸಲು ಕೇಳುತ್ತಾರೆ. ಪರೀಕ್ಷೆ ಮಾಡಿದಂತೆ ಕಾಣಬಾರದು. "ನಾನು ಸರಿಯಾಗಿ ಹೇಳಿದ್ನೋ ಇಲ್ವೋ ನೋಡ್ಬೇಕು, ಮನೇಲಿ ಸೊಸೆಗೆ ನೀವು ಹೆಂಗೆ ಹೇಳ್ತೀರಿ?" ಅನ್ನಬೇಕು. ತಪ್ಪಾದರೆ ಹೇಳಿದವರದ್ದು, ಕೇಳಿದವರದ್ದಲ್ಲ. ವಿಡಿಯೋ ಅಥವಾ ಪೋಸ್ಟರ್ ಎಲ್ಲರಿಗೂ ಹೋಗುವ ಮೊದಲು ಐದಾರು ಜನರ ಹತ್ತಿರ ಹೀಗೆ ಹೇಳಿಸಿ ನೋಡಿದರೆ ಎಷ್ಟೋ ಸೋಗೆ ಆಚೆ ಬರುತ್ತದೆ.

ನಾನು ನನ್ನ ಆ ಆರು ಸಾಲನ್ನು ಒಂದು ಚಿತ್ರ ಮಾಡಿ ದೊಡ್ಡಮ್ಮನ ಫೋನಿಗೆ ಹಾಕಿ, ಸುಮ್ನೆ ಕೇಳಿದೆ. "ದೊಡ್ಡಮ್ಮ, ಈಗ ಶುಗರ್ ಡೌನ್ ಆಯ್ತು ಅನ್ಕೋ. ಏನ್ ಮಾಡ್ತೀಯ, ತೋರ್ಸು."

ಅಡುಗೆಮನೆಗೆ ಹೋದರು. ಲೋಟಕ್ಕೆ ಸರಿಯಾಗಿ ಅರ್ಧ ನೀರು ಹಾಕಿದರು. ಸಕ್ಕರೆ ಡಬ್ಬಿ ಇಳಿಸಿದರು. ಗೋಡೆಗೆ ನೇತುಹಾಕಿದ್ದ ಚಮಚ ತೆಗೆದುಕೊಂಡರು. ಅದು ಪಲ್ಯ ಬಡಿಸುವ ಚಮಚ.

"ಇದ್ರಲ್ಲಾ?" ಅಂದೆ.

"ಮತ್ತೆ ಚಮಚ ಅಂದ್ರೆ ಇನ್ಯಾವ್ದ್ಲಾ? ಟೀಪುಡಿ ಡಬ್ಬಿಲಿರೋದು ಸ್ಪೂನು."

'ಮೂರು ಚಮಚ' ಅನ್ನುವುದನ್ನು 'ಮೂರು ಟೀ ಸ್ಪೂನ್' ಅಂತ ತಿದ್ದಿದೆ. ಪಕ್ಕದಲ್ಲಿ ಅವರ ಟೀಪುಡಿ ಡಬ್ಬಿಯ ಸ್ಪೂನಿನದ್ದೇ ಫೋಟೋ ಹಾಕಿದೆ, ಹಿಡಿ ಸ್ವಲ್ಪ ಸೊಟ್ಟಗಿರುವುದು. ಪ್ರಿಂಟ್ ತೆಗೆಸಿ ಫ್ರಿಜ್ಜಿನ ಬಾಗಿಲಿಗೂ ಅಂಟಿಸಿದ್ದೇವೆ. ಪಕ್ಕದ ಮನೆಯವರು ಬಂದಾಗ ದೊಡ್ಡಮ್ಮ ಮೊದಲು ತೋರಿಸುವುದು ಆ ಸ್ಪೂನನ್ನು.